ಕೂದಲಿಗಿಂತ ತೆಳ್ಳಗಿನ ತಂತಿ

ಮಾರ್ಚ್ 3, ಸೋಮವಾರ

ಕ್ವಾಂಟಮ್ ಚಿಪ್‌ಗಳನ್ನು ಅತಿ ಶೀತದಲ್ಲಿಡುವ ಫ್ರಿಜ್ಜಿನ ಸೋರಿಕೆ ಕೊನೆಗೂ ಸಿಕ್ಕಿತು. ಒಂದು ಸವೆದ ರಬ್ಬರ್ ಉಂಗುರ ಇಷ್ಟು ದಿನ ನನ್ನನ್ನು ಆಟ ಆಡಿಸಿತ್ತು. ಯಂತ್ರಗಳನ್ನು ನೋಡಿಕೊಳ್ಳುವ ಇಂಜಿನಿಯರ್ ಅದನ್ನು ಅಂಗೈಯಲ್ಲಿಟ್ಟು ತೋರಿಸಿದ, ಹಲ್ಲು ಕಿತ್ತ ಡಾಕ್ಟರು ಹಲ್ಲು ತೋರಿಸಿದ ಹಾಗೆ. ಅವನನ್ನು ಇಡೀ ಸಂಸ್ಥೆ 'ಫ್ರಿಜ್ ಅಣ್ಣ' ಎಂದೇ ಕರೆಯುತ್ತದೆ.

ನಿರ್ದೇಶಕರು ಕರೆಸಿದ್ದರು. ಪರಿಶೀಲನಾ ಸಮಿತಿ ಮೇ ಕೊನೆಗೆ ಬರುತ್ತದಂತೆ. ಅಷ್ಟರೊಳಗೆ ತೋರಿಸುವಂಥದ್ದು ಏನೂ ಇಲ್ಲದಿದ್ದರೆ ಫ್ರಿಜ್ಜು ಬೇರೆ ವಿಭಾಗಕ್ಕೆ ಹೋಗುತ್ತದೆ. ತೋರಿಸುತ್ತೇನೆ ಎಂದೆ. ನನ್ನ ಬಳಿ ಒಳ್ಳೆಯ ಚಿಪ್‌ಗಳು ಎರಡಿವೆ. ಚಿಪ್ ಮಾಡುವ ಶುದ್ಧಕೋಣೆ ದುರಸ್ತಿಗೆಂದು ಮುಚ್ಚಿದೆ, ಜೂನ್‌ವರೆಗೆ ಹೊಸದು ಹುಟ್ಟುವುದಿಲ್ಲ. ಎರಡು ಸಾಕು.

ಊಟಕ್ಕೆ ಕೂತಾಗ ಅಮ್ಮ, ಅಷ್ಟು ದೊಡ್ಡ ಫ್ರಿಜ್ಜಿನಲ್ಲಿ ಏನಿಡುತ್ತೀಯ ಎಂದು ಕೇಳಿದಳು. ಉಗುರಿನಷ್ಟು ಒಂದು ಚಿಪ್ ಎಂದೆ. ಬೇರೇನೂ ಇಡುವುದಿಲ್ಲವೇ ಎಂದು ಮರುಗಿದಳು. ವಿವರಿಸಲು ನೋಡಿದೆ: ಆ ಚಿಪ್‌ನಲ್ಲಿ ಮಾಹಿತಿ ಹಿಡಿದಿಡುವ ಕ್ಯೂಬಿಟ್ ಎನ್ನುವುದು ಮಹಾ ಮರೆಗುಳಿ, ಹೇಳಿದ್ದನ್ನು ಕಣ್ಣು ಮಿಟುಕಿಸುವುದರೊಳಗೆ ಮರೆತುಬಿಡುತ್ತದೆ. ಅದಕ್ಕೇ ಒಂದೇ ಮಾತನ್ನು ಹಲವು ಕ್ಯೂಬಿಟ್‌ಗಳಿಗೆ ಹಂಚಿಡುತ್ತೇವೆ. ಒಂದು ತಪ್ಪಿದರೆ ಉಳಿದವುಗಳನ್ನು ನೋಡಿ ತಿದ್ದಬಹುದು. ಹಾಗೆ ತಿದ್ದಿಸಿಕೊಂಡ ಗುಂಪು, ಅದರಲ್ಲಿರುವ ಅತಿ ಒಳ್ಳೆಯ ಒಂಟಿ ಕ್ಯೂಬಿಟ್‌ಗಿಂತ ಹೆಚ್ಚು ಹೊತ್ತು ನೆನಪಿಟ್ಟುಕೊಂಡರೆ ನಾವು ಗೆದ್ದಂತೆ. ಈವರೆಗೆ ಗೆದ್ದಿಲ್ಲ, ಏಕೆಂದರೆ ತಿದ್ದುವ ಕೆಲಸವೇ ಹೊಸ ತಪ್ಪು ತರುತ್ತದೆ.

"ನಮ್ಮನೇಲಿ ಮೂರು ಜನಕ್ಕೂ ಹೇಳಿಟ್ರೂ ಅಳಿಯಂದಿರು ಬೀಗದಕೈ ಮರ್ತೇ ಹೋಗ್ತಾರಲ್ಲ," ಎಂದಳು ಅಮ್ಮ. ಇವರು ತಲೆ ತಗ್ಗಿಸಿ ಊಟ ಮುಂದುವರಿಸಿದರು.

ಮಾರ್ಚ್ 6, ಗುರುವಾರ

ತಂತಿ ಕೂರಿಸುವ ಅಭ್ಯಾಸ ಮಾಡಿದೆ. ಚಿಪ್‌ನ ಅಂಚಿನಿಂದ ಸುತ್ತಲಿನ ಹಲಗೆಗೆ ಅಲ್ಯೂಮಿನಿಯಂ ತಂತಿ ಎಳೆಯಬೇಕು, ಒಂದರ ಪಕ್ಕ ಒಂದು, ಇಡೀ ಸುತ್ತು. ತಂತಿ ಕೂದಲಿಗಿಂತ ತೆಳ್ಳಗೆ. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು, ಕೈಯಲ್ಲಿ ತಂತಿಯಂತ್ರದ ಹಿಡಿಕೆ ಹಿಡಿದು, ಅದರ ಸೂಜಿಯಂಥ ಮೊನೆ ಇಳಿಸಿ ಒತ್ತುವುದು. ಬೇರೆ ವಿಭಾಗದಲ್ಲಿ ತಾನಾಗಿ ಮಾಡುವ ಯಂತ್ರವಿದೆ, ಆದರೆ ನನ್ನ ಚಿಪ್‌ನ ಇಕ್ಕಟ್ಟಾದ ಮೂಲೆಗಳಿಗೆ ಅದು ಒಗ್ಗುವುದಿಲ್ಲ. ಈ ಸಂಸ್ಥೆಯಲ್ಲಿ ಇದನ್ನು ನನ್ನಷ್ಟು ಚೆನ್ನಾಗಿ ಮಾಡುವವರಿಲ್ಲ. ಇದು ಜಂಬವಲ್ಲ, ಇದ್ದ ಸಂಗತಿ.

ಇಂದು ಮೊನೆ ಸರಿಯಾಗಿ ಇಳಿಯಲಿಲ್ಲ. ಬಲಗೈ ಸ್ವಲ್ಪ ಅದುರಿತು. ಚಹಾ ಜಾಸ್ತಿಯಾಗಿದೆ, ನಾಳೆಯಿಂದ ಬಿಟ್ಟೆ.

ನಿರ್ದೇಶಕರು ಕಳಿಸಿದ ಹೊಸ ಸಂಶೋಧಕಿ ಪಕ್ಕದಲ್ಲೇ ನಿಂತು ನೋಡುತ್ತಾಳೆ. ಮೂವತ್ತು ದಾಟಿದ್ದಾಳೆ, ಲೆಕ್ಕದಲ್ಲಿ ಗಟ್ಟಿಗಿತ್ತಿ, ಆದರೆ ದನಿಯೇ ಇಲ್ಲ. ಲ್ಯಾಬಿನ ಹುಡುಗರು ಆಗಲೇ 'ಪಿಸುಮಾತು' ಎಂದು ಹೆಸರಿಟ್ಟಾಗಿದೆ. ನನ್ನ ಕೋಣೆಯಲ್ಲಿ ಇನ್ನೊಬ್ಬರು ಉಸಿರಾಡುತ್ತಿದ್ದರೆ ನನಗೆ ಕೆಲಸ ಸಾಗುವುದಿಲ್ಲ.

ಮಾರ್ಚ್ 11, ಮಂಗಳವಾರ

ಚಿಪ್ ಹಾಳಾಯಿತು.

ಮೂರು ಬದಿ ಮುಗಿದಿತ್ತು. ನಾಲ್ಕನೆಯದರ ಅರ್ಧಕ್ಕೆ ಬಂದಿದ್ದೆ. ಕೈ ಜಗ್ಗಿತು, ಮೊನೆ ಜಾರಿ ನಡುವಿನ ತನಕ ಗೀರಿತು. ಸೂಕ್ಷ್ಮದರ್ಶಕದಲ್ಲಿ ಆ ಗೀರು ಹೆದ್ದಾರಿಯಷ್ಟು ಅಗಲ ಕಂಡಿತು.

ಪಿಸುಮಾತು ನೀರು ತರಲೇ ಎಂದು ಕೇಳಿದಳು. ಹೊರಗೆ ಹೋಗು ಎಂದೆ. ಹೋದಳು. ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡಳು, ಅದೂ ನನಗೆ ಸಿಟ್ಟು ತರಿಸಿತು.

ಮಾರ್ಚ್ 12, ಬುಧವಾರ

ಹೋದೆ. ಬಂದೆ. ಕೈಯನ್ನು ಜೇಬಿನಿಂದ ತೆಗೆಯಲಿಲ್ಲ.

ಮಾರ್ಚ್ 19, ಬುಧವಾರ

ಇವರು ಬಿಡಲಿಲ್ಲ, ನರರೋಗದ ಡಾಕ್ಟರ ಬಳಿ ಎಳೆದುಕೊಂಡು ಹೋದರು. ಬಸ್ಸಿನಲ್ಲಿ ಹೋದೆವು. ಇಬ್ಬರ ಮನಸ್ಸಿನಲ್ಲೂ ಒಂದೇ ಕಾಯಿಲೆಯ ಹೆಸರಿತ್ತು, ಯಾರೂ ಬಾಯಿಬಿಡಲಿಲ್ಲ.

ಡಾಕ್ಟರು ವಯಸ್ಸಾದ ಹೆಂಗಸು. ಕಾಗದದ ಮೇಲೆ ಸುರುಳಿ ಬರೆಸಿದರು. ಒಂದು ಲೋಟದಿಂದ ಇನ್ನೊಂದಕ್ಕೆ ನೀರು ಹೊಯ್ಯಿಸಿದರು. ನಡೆಸಿದರು, ಕೂರಿಸಿದರು, ಮೊಣಕಾಲಿಗೆ ತಟ್ಟಿದರು. ನಾನು ಹೆದರಿದ್ದ ಕಾಯಿಲೆ ಅದಲ್ಲವಂತೆ. ಇದು ಬರಿಯ ನಡುಕ. ಸುಮ್ಮನೆ ಕೂತರೆ ಇರುವುದಿಲ್ಲ, ಕೆಲಸಕ್ಕೆ ಕೈ ಹಾಕಿದಾಗ ಬರುತ್ತದೆ. ಎಷ್ಟೋ ಮನೆತನಗಳಲ್ಲಿ ರಕ್ತದಲ್ಲೇ ಹರಿದುಬರುತ್ತದೆ. ಮಾತ್ರೆಯಿಂದ ಕಡಿಮೆಯಾಗಬಹುದು, ಪೂರ್ತಿ ಹೋಗುವುದಿಲ್ಲ.

"ಜೀವಕ್ಕೇನೂ ಅಪಾಯ ಇಲ್ಲಮ್ಮ," ಎಂದರು.

"ಕೆಲಸಕ್ಕೆ?" ಎಂದೆ.

ಏನು ಕೆಲಸ ಎಂದು ಕೇಳಿದರು. ಹೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿದರು.

ಹೊರಗೆ ಬಂದ ಮೇಲೆ ಇವರು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟರು, ಸಮಾಧಾನಕ್ಕೆ. ನಾನು ಅಳಲಿಲ್ಲ. ಮಾತ್ರೆ ಇವತ್ತೇ ಶುರು. ಒಂದು ವಾರದಲ್ಲಿ ಕೈ ಹತೋಟಿಗೆ ತಂದುಕೊಳ್ಳುತ್ತೇನೆ.

ಮಾರ್ಚ್ 29, ಶನಿವಾರ

ಹತೋಟಿಗೆ ಬರಲಿಲ್ಲ. ಅಕ್ಷರ ಪರವಾಗಿಲ್ಲ, ಗುಂಡಿ ಹಾಕಿಕೊಳ್ಳಬಲ್ಲೆ. ತಂತಿಯ ಮಟ್ಟಕ್ಕೆ ಬಂದರೆ ಮೊದಲಿನ ಕಥೆಯೇ. ಹಳೆಯ ಹಾಳು ಚಿಪ್‌ಗಳ ಮೇಲೆ ವಾರವಿಡೀ ಪ್ರಯತ್ನಿಸಿದೆ. ಮಾತ್ರೆಯಿಂದ ಸುಸ್ತು ಬೇರೆ.

ಇಂದು ಅಮ್ಮ ಬಟ್ಟೆ ಮಡಿಸುತ್ತಿದ್ದಳು. ನಾನು ಅವಳಿಗೆ ಹೇಳಿರಲಿಲ್ಲ. ಇವರು ಹೇಳಿದ್ದರು ಎಂದು ಕಾಣುತ್ತದೆ. ಅವಳು ನನ್ನ ಮುಖ ನೋಡದೆ ಅಪ್ಪನ ಮಾತು ತೆಗೆದಳು.

ಅಪ್ಪ ಕೋಟು ಹೊಲಿಯುವ ದರ್ಜಿ. ನನಗೆ ಹದಿನೈದಾದಾಗ ಕಣ್ಣು ಮಂಜಾಯಿತೆಂದು ಅಂಗಡಿ ಮುಚ್ಚಿದ. ಆಮೇಲೆ ಸಾಯುವ ತನಕ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಎಲ್ಲರ ಮೇಲೂ ಸಿಡುಕಿದ. ನನಗೆ ಗೊತ್ತಿರುವ ಅಪ್ಪ ಅವನೇ.

"ಕಣ್ಣಿಗೇನೂ ಆಗಿರಲಿಲ್ಲ," ಎಂದಳು ಅಮ್ಮ. "ಕೈ. ಸೂಜಿಗೆ ದಾರ ನಾನೇ ಪೋಣಿಸಿ ಕೊಡ್ತಿದ್ದೆ, ಪರದೆ ಹಿಂದೆ ಕೂತು, ಗಿರಾಕಿಗಳಿಗೆ ಕಾಣದ ಹಾಗೆ. ಕಾಜನೂ ನಾನೇ ಮಾಡ್ತಿದ್ದೆ ಕೊನೆಕೊನೆಗೆ. ಕತ್ತರಿ ಹಿಡಿಯೋದು ಕಲಿಸಿ, ಅಂಗಡಿ ನಾನು ನೋಡ್ಕೋತೀನಿ ಅಂದೆ. ಕೈ ನಡುಗೋನ ಹೆಂಡ್ತಿ ಹತ್ರ ಯಾರು ಬಟ್ಟೆ ಕೊಡ್ತಾರೆ ಅಂದ್ರು. ಮುಚ್ಚಿಬಿಟ್ರು."

ಅಷ್ಟು ಹೇಳಿ ಮತ್ತೆ ಟವೆಲ್ ಮಡಿಸತೊಡಗಿದಳು. ಇಷ್ಟು ವರ್ಷ ಏಕೆ ಹೇಳಲಿಲ್ಲ ಎಂದು ಕೇಳಿದೆ. ಯಾರಿಗೂ ಹೇಳಬೇಡ ಎಂದು ಅವರು ಹೇಳಿದ್ದರಲ್ಲ ಎಂದಳು.

ಅವಳ ಕಾಜಗಳು ಹೇಗಿದ್ದವು ಎಂದು ಕೇಳಿದೆ. ಅವರಿಗಿಂತ ಚೆನ್ನಾಗಿದ್ದವು ಎಂದಳು, ಒಂದು ಕ್ಷಣವೂ ಯೋಚಿಸದೆ.

ಮಾರ್ಚ್ 31, ಸೋಮವಾರ

ಪಿಸುಮಾತನ್ನು ಕೂರಿಸಿಕೊಂಡು ಹೇಳಿದೆ. ನನ್ನ ಕೈ ಇನ್ನು ಈ ಕೆಲಸಕ್ಕೆ ಬರುವುದಿಲ್ಲ. ಉಳಿದಿರುವ ಚಿಪ್‌ಗೆ ನೀನು ತಂತಿ ಕೂರಿಸಬೇಕು, ಏಪ್ರಿಲ್ ಮುಗಿಯುವುದರೊಳಗೆ ಕಲಿಸುತ್ತೇನೆ. ಅವಳು, ನನಗೆ ಮನೆಯಲ್ಲಿ ಬಲ್ಬ್ ಹಾಕಲೂ ಬಿಡುವುದಿಲ್ಲ, ಮುಟ್ಟಿದ್ದೆಲ್ಲ ಬೀಳಿಸುತ್ತೇನೆ ಎಂದಳು. ಬೇರೆ ಯಾರೂ ಇಲ್ಲ ಎಂದೆ. ಅದು ಪ್ರೋತ್ಸಾಹದ ಮಾತಾಗಿರಲಿಲ್ಲ, ಆದರೆ ಅವಳು ಕೂದಲು ಹಿಂದಕ್ಕೆ ಕಟ್ಟಿ ಸೂಕ್ಷ್ಮದರ್ಶಕದ ಮುಂದೆ ಕೂತಳು.

ಫ್ರಿಜ್ ಅಣ್ಣನಿಗೂ ಹೇಳಿದೆ. ಅವನಿಗೆ ಗೊತ್ತಿತ್ತಂತೆ. ನಾನೇ ಹೇಳಲಿ ಎಂದು ಕಾದಿದ್ದನಂತೆ.

ಏಪ್ರಿಲ್ 4, ಶುಕ್ರವಾರ

ಇವಳಿಗೆ ಬರುವುದಿಲ್ಲ. ಒತ್ತಿದರೆ ತಂತಿ ಚಪ್ಪಟೆಯಾಗಿ ತುಂಡಾಗುತ್ತದೆ, ಒತ್ತದಿದ್ದರೆ ಹಿಡಿಯುವುದೇ ಇಲ್ಲ. ನೂರು ಸಲ ತೋರಿಸಿಕೊಡಲು ಹೋಗಿ ನೂರು ಸಲ ನನ್ನ ಕೈ ನಡುಗಿತು. ಹಾಗಲ್ಲ, ಹೀಗೆ, ಹೀಗೆ ಎಂದು ದನಿ ಏರಿಸಿದೆ.

"ಮೇಡಂ," ಎಂದಳು, ನಾನು ಬಗ್ಗಿ ಕೇಳಬೇಕಾಯಿತು, "ನೀವು ಹೀಗೆ ಅಂತೀರಿ. ಹೀಗೆ ಅಂದ್ರೆ ಹೇಗೆ?"

ಹದಿನೇಳು ವರ್ಷ ಮಾಡಿದ ಕೆಲಸ, ಹೇಗೆ ಮಾಡುತ್ತಿದ್ದೆ ಎಂದು ನನಗೇ ಗೊತ್ತಿಲ್ಲ.

ಏಪ್ರಿಲ್ 6, ಭಾನುವಾರ

ಇವರ ಈಜುಕೊಳಕ್ಕೆ ಹೋಗಿದ್ದೆ. ಭಾನುವಾರದ ಬೆಳಿಗ್ಗೆ ಇವರು ಮಕ್ಕಳಿಗೆ ಕಲಿಸುತ್ತಾರೆ. ಬೆಂಚಿನ ಮೇಲೆ ಕೂತು ನೋಡಿದೆ. ನೀರಿಗೆ ಇಳಿಯದೆ ದಡದಲ್ಲೇ ಓಡಾಡುತ್ತ ಕೂಗಿ ಹೇಳುತ್ತಿದ್ದರು: ಗಲ್ಲ ಕೆಳಗೆ, ಹಿಮ್ಮಡಿ ಸಡಿಲ, ಉಸಿರು ನೀರೊಳಗೇ ಬಿಡು. ಮನೆಗೆ ಬರುವಾಗ, ಇಳಿದು ಹಿಡಿದು ಕಲಿಸಿದರೆ ಬೇಗ ಬರುವುದಿಲ್ಲವೇ ಎಂದು ಕೇಳಿದೆ.

"ನಾನು ಇಳಿದ್ರೆ ಅವು ನನ್ನನ್ನ ಹಿಡ್ಕೊಳ್ಳೋದು ಕಲೀತವೆ ಕಣೇ. ಈಜೋದಲ್ಲ."

ಮಧ್ಯಾಹ್ನ ಅಡುಗೆಮನೆಯ ಕಟ್ಟೆಯ ಮುಂದೆ ಕಣ್ಣು ಮುಚ್ಚಿ ನಿಂತೆ. ಕೈಯಲ್ಲಿ ಏನೂ ಇಲ್ಲದೆ ಒಂದು ತಂತಿ ಕೂರಿಸಿದೆ. ಮತ್ತೊಂದು. ಆಗ ಗೊತ್ತಾಯಿತು: ನಾನು ಬೆರಳಿನಿಂದ ಒತ್ತುವುದೇ ಇಲ್ಲ. ಮೊಣಕೈಯ ಭಾರವನ್ನು ಮೇಜಿಗೆ ಬಿಡುತ್ತೇನೆ, ಬೆರಳು ಅದರ ಹಿಂದೆ ಹೋಗುತ್ತದೆ. ಉಸಿರನ್ನು ಅರ್ಧ ಬಿಟ್ಟು ನಿಲ್ಲಿಸುತ್ತೇನೆ. ನೋಡುವುದು ಮೊನೆಯನ್ನಲ್ಲ, ಅದು ಇಳಿಯಬೇಕಾದ ಜಾಗವನ್ನು. ಇದನ್ನೆಲ್ಲ ಮತ್ತೆ ಮಾಡಿ ನೋಡುತ್ತಿದ್ದಾಗ ಅಮ್ಮ ಬಂದು, ಒಬ್ಬಳೇ ಏನು ಗಾಳಿಗೆ ಚುಚ್ಚುತ್ತಿದ್ದೀಯ ಎಂದಳು.

ಏಪ್ರಿಲ್ 15, ಮಂಗಳವಾರ

ಈಗ ನಾನು ಪಿಸುಮಾತಿನ ಹಿಂದೆ ಕೈಕಟ್ಟಿ ಕೂರುತ್ತೇನೆ. ಸೂಕ್ಷ್ಮದರ್ಶಕಕ್ಕೆ ಜೋಡಿಸಿದ ಪರದೆಯಲ್ಲಿ ಮೊನೆ ಕಾಣುತ್ತದೆ, ಬಾಯಲ್ಲಿ ಹೇಳುತ್ತೇನೆ. ಮೊಣಕೈ ಇಳಿಸು. ಉಸಿರು ಅರ್ಧ. ಈಗ. ಅವಳು ಒಂದು ಇಡೀ ಬದಿ ಮುರಿಯದೆ ಮುಗಿಸಿದಳು. ಎರಡನೆಯ ಬದಿಗೆ ಅವಳೇ ಒಂದು ತಂತ್ರ ಕಂಡುಕೊಂಡಳು, ಮೂಲೆಯಿಂದ ಶುರುಮಾಡುವ ಬದಲು ನಡುವಿನಿಂದ. ತಪ್ಪು ಎನ್ನಲು ಬಾಯಿ ತೆರೆದೆ. ತಂತಿಗಳು ನೆಟ್ಟಗಿದ್ದವು. ಬಾಯಿ ಮುಚ್ಚಿದೆ.

ಅವಳ ಅಣ್ಣನಿಗೆ ಮಗುವಾಗಿದೆಯಂತೆ. ಇಷ್ಟು ದಿನ ಜೊತೆಗಿದ್ದರೂ ಅವಳಿಗೊಬ್ಬ ಅಣ್ಣನಿರುವುದು ನನಗೆ ಗೊತ್ತಿರಲಿಲ್ಲ.

ಏಪ್ರಿಲ್ 22, ಮಂಗಳವಾರ

ನಿರ್ದೇಶಕರು ಯಾರಿಂದಲೋ ಕೇಳಿದ್ದಾರೆ. ಬಹಳ ಮರ್ಯಾದೆಯಿಂದ ಮಾತಾಡಿದರು, ಕುರ್ಚಿ ತಾವೇ ಎಳೆದುಕೊಟ್ಟರು. ಯೋಜನಾ ಕಚೇರಿಯಲ್ಲಿ ಒಂದು ಹುದ್ದೆಯಿದೆಯಂತೆ. ಗಾಳಿ ಬೆಳಕಿನ ಕೋಣೆ, ಓಡಾಟವಿಲ್ಲ. ಈ ಪರೀಕ್ಷೆಯ ಹೊರೆಯನ್ನು ಏಕೆ ಹೊತ್ತುಕೊಳ್ಳುತ್ತೀರಿ ಎಂದರು. ಅವರ ಮಾತಿನಲ್ಲಿ ಕಪಟವಿರಲಿಲ್ಲ, ಅದಕ್ಕೇ ಕೇಳುವುದು ಕಷ್ಟವಾಯಿತು. ಆ ಕೋಣೆಯ ಕಿಟಕಿಯ ಪಕ್ಕ ಒಂದು ಕುರ್ಚಿ ಇರುತ್ತದೆ, ನನಗೆ ಗೊತ್ತು.

ಬೇಡ ಎಂದೆ. ನಿಧಾನವಾಗಿ ಯೋಚಿಸಿ ಹೇಳಿ ಎಂದರು. ಯೋಚಿಸಿಯೇ ಹೇಳಿದ್ದು ಎಂದೆ.

ಏಪ್ರಿಲ್ 24, ಗುರುವಾರ

ಕೂರಿಸಿದಳು. ನಾಲ್ಕೂ ಬದಿ. ನಡುವೆ ಒಮ್ಮೆ ತಂತಿ ಕಿತ್ತುಬಂದು ಅವಳು ಬೆವರಿ ಹಿಂದೆ ಸರಿದಳು. ಎದ್ದು ಹೋಗಿ ಮುಖ ತೊಳೆದು ಬಾ, ಚಿಪ್ ಎಲ್ಲಿಗೂ ಓಡಿಹೋಗುವುದಿಲ್ಲ ಎಂದೆ. ಹೋಗಿ ಬಂದು ಮತ್ತೆ ಹಿಡಿದಳು. ಮುಗಿದಾಗ ನನ್ನ ಅಂಗಿಯೇ ಹೆಚ್ಚು ಒದ್ದೆಯಾಗಿತ್ತು. ಫ್ರಿಜ್ ಅಣ್ಣ ಚಿಪ್ ಅನ್ನು ಫ್ರಿಜ್ಜಿನೊಳಗಿಟ್ಟು ಮುಚ್ಚಳ ಬಿಗಿದ. ತಣ್ಣಗಾಗಲು ಕೆಲವು ದಿನ ಬೇಕು.

ಮೇ 5, ಸೋಮವಾರ

ಎಲ್ಲ ಕ್ಯೂಬಿಟ್‌ಗಳೂ ಮಾತಾಡುತ್ತಿವೆ. ಒಂದು ತಂತಿಯೂ ಬಿಟ್ಟಿಲ್ಲ. ಮಾತ್ರೆಯ ಸುಸ್ತು ಅಭ್ಯಾಸವಾಗಿದೆ. ಇವರು ನನ್ನ ಉಗುರು ಕತ್ತರಿಸಿಕೊಟ್ಟರು, ಒಂದು ಕಡೆ ಚರ್ಮವೂ ಹೋಯಿತು.

ಮೇ 12, ಸೋಮವಾರ

ಗ್ರಾಫಿನಲ್ಲಿ ಗುಂಪಿನ ನೆನಪಿನ ಗೆರೆ ಒಂಟಿ ಕ್ಯೂಬಿಟ್‌ನ ಗೆರೆಗಿಂತ ಮೇಲೆ ಬಂತು. ಚೆನ್ನಾಗಿಯೇ ಮೇಲೆ. ಫ್ರಿಜ್ ಅಣ್ಣ ಪರದೆಯ ಮುಂದೆ ಕೈಮುಗಿದು ನಿಂತ. ಹುಡುಗರು ಬಾಗಿಲು ಬಡಿದು ಗದ್ದಲ ಮಾಡಿದರು. ನಿರ್ದೇಶಕರು ಓಡಿಬಂದರು, ನಾಳೆಯೇ ಪತ್ರಿಕೆಯವರನ್ನು ಕರೆಯೋಣ ಎಂದರು. ಆಗಲಿ ಎಂದೆ. ಏನು ಹೇಳಬೇಕೆಂದು ದಾರಿಯಲ್ಲೇ ವಾಕ್ಯ ಜೋಡಿಸಿಕೊಂಡು ಮನೆಗೆ ಬಂದೆ. ಅಮ್ಮನಿಗೆ ಹೇಳಿದರೆ, ಅಂತೂ ಮರೆಗುಳಿಗಳು ದಾರಿಗೆ ಬಂದವು ಎಂದಳು.

ಮೇ 13, ಮಂಗಳವಾರ

ಬೆಳಿಗ್ಗೆ ಪಿಸುಮಾತು ಬಾಗಿಲ ಬಳಿ ಕಾಯುತ್ತಿದ್ದಳು. ನಿದ್ದೆ ಮಾಡಿದ ಮುಖವಲ್ಲ.

"ಒಂಟಿ ಕ್ಯೂಬಿಟ್ಟನ್ನ ನಾವು ಅಳೆದಿದ್ದು ಹೋದ ವಾರ, ಮೇಡಂ. ಗುಂಪನ್ನ ಅಳೆದಿದ್ದು ನಿನ್ನೆ. ಅವತ್ತು ಒಂಟಿಗೆ ಮೈ ಸರಿ ಇರಲಿಲ್ಲವೇನೋ."

ಕೆಂಡದಂಥ ಸಿಟ್ಟು ಬಂತು. ಸಮಿತಿ ಬರಲು ಎರಡು ವಾರ, ಹೊರಗೆ ನಿರ್ದೇಶಕರ ಕಾರು. ಇದನ್ನು ನಿನ್ನೆಯೇ ಹೇಳಲು ಏನಾಗಿತ್ತು ಎಂದೆ. ನಿನ್ನೆ ಎಲ್ಲರೂ ಕೂಗುತ್ತಿದ್ದಿರಿ, ನನ್ನ ದನಿ ಕೇಳಿಸಲಿಲ್ಲ ಎಂದಳು. ಅದು ನಿಜ. ಕ್ಯೂಬಿಟ್‌ಗಳಿಗೆ ಒಳ್ಳೆಯ ದಿನ ಕೆಟ್ಟ ದಿನ ಇರುವುದೂ ನಿಜ. ಕೆಟ್ಟ ದಿನದ ಒಂಟಿಯ ಮೇಲೆ ಒಳ್ಳೆಯ ದಿನದ ಗುಂಪು ಗೆದ್ದರೆ ಅದು ಗೆಲುವಲ್ಲ.

ನಿರ್ದೇಶಕರ ಬಳಿ ಇಬ್ಬರೂ ಹೋದೆವು. ಎರಡನ್ನೂ ಒಂದೇ ದಿನ, ಒಂದಾದ ಮೇಲೊಂದರಂತೆ ಅಳೆಯುತ್ತೇವೆ, ಅಲ್ಲಿಯವರೆಗೆ ಯಾರಿಗೂ ಏನೂ ಹೇಳಬಾರದು ಎಂದೆ. ಕೈಗೆ ಬಂದ ತುತ್ತನ್ನು ನೀವೇ ಚೆಲ್ಲುತ್ತೀರಾ ಎಂದರು.

"ಸಮಿತಿಯವರು ಕೇಳೋ ಮೊದಲು ನಾವೇ ಕೇಳ್ಕೋಬೇಕು, ಸಾರ್. ಅವರು ಕೇಳಿದ ಮೇಲೆ ಅದು ಪ್ರಶ್ನೆ ಆಗಿರಲ್ಲ, ಆರೋಪ ಆಗಿರತ್ತೆ," ಎಂದೆ.

ಮೇ 16, ಶುಕ್ರವಾರ

ಇಂದು ಒಂಟಿಯೇ ಮುಂದು.

ಮೇ 17, ಶನಿವಾರ

ಇಂದೂ.

ಮೇ 19, ಸೋಮವಾರ

ಶನಿವಾರದ ಅಂಕಿಗಳನ್ನು ಮತ್ತೆ ಹರಡಿಕೊಂಡು ಕೂತೆವು. ನನಗೊಂದು ವಿಷಯ ಹೊಳೆಯಿತು: ನಾವು ತೀರಾ ಬೇಗಬೇಗ ತಿದ್ದುತ್ತಿದ್ದೇವೆ. ಪ್ರತಿ ಸಲ ತಿದ್ದಲು ಹೋದಾಗಲೂ ಹೊಸ ತಪ್ಪು ಸೇರುತ್ತದೆ. ಸ್ವಲ್ಪ ತಡೆದು ತಿದ್ದಿದರೆ? ಪಿಸುಮಾತು ಲೆಕ್ಕಕ್ಕೆ ಕೂತಳು. ಎಷ್ಟು ತಡೆಯಬೇಕು ಎಂದು ಊಟದ ಹೊತ್ತಿಗೆ ತಂದಿಟ್ಟಳು. ನಾನು ಅಂದಾಜಿಸಿದ್ದಕ್ಕಿಂತ ದುಪ್ಪಟ್ಟು. ಅವಳ ಲೆಕ್ಕದಂತೆಯೇ ಮಾಡೋಣ ಎಂದೆ.

ಮೇ 26, ಸೋಮವಾರ

ಇಡೀ ವಾರ ಎರಡನ್ನೂ ಒಟ್ಟಿಗೆ ಅಳೆದೆವು. ಒಂಟಿಯ ಒಳ್ಳೆಯ ದಿನ, ಕೆಟ್ಟ ದಿನ, ಎಲ್ಲ ದಿನವೂ ಗುಂಪೇ ಮೇಲೆ. ಅಂತರ ಮೊದಲು ಕಂಡಿದ್ದರ ಕಾಲು ಭಾಗವೂ ಇಲ್ಲ. ಆದರೆ ಹೋಗುತ್ತಿಲ್ಲ. ಇಂದು ಯಾರೂ ಗದ್ದಲ ಮಾಡಲಿಲ್ಲ. ಫ್ರಿಜ್ ಅಣ್ಣ ಎಲ್ಲರಿಗೂ ಚಹಾ ತಂದ. ಕುಡಿದೆವು.

ಮೇ 28, ಬುಧವಾರ

ಸಮಿತಿಯವರು ಐವರು. ಮೊದಲ ಅರ್ಧ ನಾನು ಹೇಳಿದೆ, ಅಳತೆಯ ಭಾಗವನ್ನು ಪಿಸುಮಾತಿಗೆ ಬಿಟ್ಟೆ. ಮೈಕು ಕೈಕೊಟ್ಟಿತು. ಅವಳು ತನ್ನ ದನಿಯಲ್ಲೇ ಮುಂದುವರಿಸಿದಳು. ಐವರೂ ಕುರ್ಚಿ ಎಳೆದುಕೊಂಡು ಮೇಜಿನ ಮೇಲೆ ಬಾಗಿ ಕೇಳಿದರು. ನಾನು ಗಂಟಲು ಹರಿದುಕೊಂಡು ಹೇಳಿದ್ದಾಗ ಯಾರೂ ಇಷ್ಟು ಬಾಗಿರಲಿಲ್ಲ.

ಅಧ್ಯಕ್ಷರು ಒಣಗಿದ ಮುಖದ ಮನುಷ್ಯ. ಒಂಟಿ ಕ್ಯೂಬಿಟ್ಟನ್ನು ಯಾವಾಗ ಅಳೆದಿರಿ ಎಂಬುದೇ ಅವರ ಮೊದಲ ಪ್ರಶ್ನೆ. ನಿರ್ದೇಶಕರು ನನ್ನ ಕಡೆ ನೋಡಿದರು. ಅವಳು ಉತ್ತರ ಕೊಟ್ಟಳು.

ಆಮೇಲೆ ಅಧ್ಯಕ್ಷರು ನನ್ನ ಕೈ ನೋಡಿದರು. ನೀರಿನ ಲೋಟ ಎತ್ತಲು ಹೋಗಿ ಮೇಜಿನ ಮೇಲೆ ಚೆಲ್ಲಿದ್ದೆ.

"ತಂತಿ ಕೆಲಸ ನೀವೇ ಮಾಡ್ತೀರಿ ಅಂತ ಕೇಳಿದ್ದೆ."

"ಮಾಡ್ತಿದ್ದೆ. ಕೈ ನಡುಗತ್ತೆ, ಈಗ ಆಗಲ್ಲ. ಈ ಚಿಪ್‌ಗೆ ತಂತಿ ಕೂರಿಸಿದ್ದು ಇವರು."

"ಹಾಗಾದ್ರೆ ಮುಂದೆ ನಿಮ್ಮ ಕೆಲಸ ಏನು?"

"ಮುಂದಿನ ಚಿಪ್," ಎಂದೆ. ಬೇರೆ ಉತ್ತರ ಯೋಚಿಸಿರಲಿಲ್ಲ.

ಅವರು ಏನೋ ಗುರುತು ಹಾಕಿಕೊಂಡರು. ಸಂಜೆ ನಿರ್ದೇಶಕರು ಫೋನ್ ಮಾಡಿದರು. ಫ್ರಿಜ್ಜು ಎರಡು ವರ್ಷ ನಮ್ಮಲ್ಲೇ ಇರುತ್ತದೆ. ಯೋಜನಾ ಕಚೇರಿಯ ಮಾತನ್ನು ಅವರು ಎತ್ತಲಿಲ್ಲ. ಅಮ್ಮನಿಗೆ ಹೇಳಿದೆ. ಸ್ವಲ್ಪ ಹೊತ್ತು ನನ್ನ ಕೈ ಹಿಡಿದುಕೊಂಡು ಕೂತಿದ್ದಳು.

ಜೂನ್ 24, ಮಂಗಳವಾರ

ಶುದ್ಧಕೋಣೆ ತೆರೆದ ಮೇಲಿನ ಮೊದಲ ಚಿಪ್‌ಗಳು ನಿನ್ನೆ ಬಂದವು. ಇಂದು ಡಾಕ್ಟರ ಬಳಿ ಹೋಗಿ ಮಾತ್ರೆಯ ಪ್ರಮಾಣ ಬದಲಿಸಿಕೊಂಡು ಸಂಸ್ಥೆ ಮುಟ್ಟುವಾಗ ತಡವಾಗಿತ್ತು. ತಂತಿ ಕೋಣೆಯ ಹೊರಗಿನ ಕೆಂಪು ದೀಪ ಹತ್ತಿತ್ತು. ನನಗಾಗಿ ಕಾಯದೆ ಶುರುಮಾಡಿದ್ದಾರೆ. ಗಾಜಿನಲ್ಲಿ ನೋಡಿದೆ. ಅವಳ ಮೊಣಕೈ ಮೇಜಿನ ಮೇಲಿತ್ತು, ಎರಡು ಬದಿ ಆಗಲೇ ಮುಗಿದಿತ್ತು. ಬಾಗಿಲು ತೆರೆದರೆ ಗಾಳಿ ಆಡುತ್ತದೆ.

ಹೊರಗಿನ ಬೆಂಚಿನ ಮೇಲೆ ಕೂತು, ಅದರ ನಂತರದ ಚಿಪ್‌ನ ನಕ್ಷೆ ಶುರುಮಾಡಿದೆ. ನಮ್ಮ ಗುಂಪಿಗೆ ಇನ್ನಷ್ಟು ಕ್ಯೂಬಿಟ್‌ಗಳು ಬೇಕು. ಗೆರೆಗಳು ಸೊಟ್ಟಗೆ ಬಂದಿವೆ. ಓದಲು ಬರುತ್ತದೆ.